ಒಂಬತ್ತು ಕೊಳವೆಗಳ ಗೋಪುರ, ಢಾಕಾದ ಇಂಜಿನಿಯರ್

ಹಜ್ ಮುಗಿಸಿ ಬಂದ ನಮ್ಮ ಕಡೆಯ ಹಿರಿಯರ ಪಕ್ಕ ಕೂತು ಕೇಳಿ ನೋಡಿ. ಮಕ್ಕಾ, ಮದೀನಾದ ಮಾತಿಗೂ ಮುಂಚೆ ಜಿದ್ದಾ ವಿಮಾನ ನಿಲ್ದಾಣದ ಮಾತು ಬರುತ್ತದೆ. ಪಾಸ್‌ಪೋರ್ಟಿನ ಸಾಲು, ಬಸ್ಸಿಗಾಗಿ ಗಂಟೆಗಟ್ಟಲೆ ಕಾದದ್ದು, ಕಳೆದುಹೋದ ಚೀಲ, ಮತ್ತೆ ಸಿಕ್ಕ ಚೀಲ. ಇಷ್ಟೆಲ್ಲ ಗದ್ದಲದ ಮೇಲೆ ಸಾಲು ಸಾಲಾಗಿ ತೂಗುವ ಬಿಳಿ ಗುಡಾರಗಳು. ಊರಿನಲ್ಲಿ ಮದುವೆ, ಉರೂಸುಗಳಿಗೆ ಶಾಮಿಯಾನ ಬಾಡಿಗೆಗೆ ಕೊಡುವ ಹಾಜಿ ಸಾಹೇಬರೊಬ್ಬರು ನಮ್ಮ ಪರಿಚಯದವರು. ಅವರು ಹಜ್‌ನಿಂದ ಮರಳಿದ ವಾರವೇ ನಮ್ಮನ್ನು ಕೇಳಿದ್ದರು: "ಅಷ್ಟು ದೊಡ್ಡ ಶಾಮಿಯಾನ ಯಾರು ಹಾಕಿದ್ದಪ್ಪಾ? ಕಂಬ ಎಲ್ಲೋ ದೂರ ದೂರ. ನಡುವೆ ಏನೂ ಇಲ್ಲ. ಗಾಳಿ ಬಂದರೆ ನಮ್ಮದು ಹಾರಿಹೋಗುತ್ತದೆ, ಅದು ಹೇಗೆ ನಿಂತಿದೆ?"

ಕಸುಬು ಬಲ್ಲವರ ಪ್ರಶ್ನೆ ಅದು. ಅದಕ್ಕೆ ಉತ್ತರ ಹುಡುಕುತ್ತ ಹೋದ ನಾವು ತಲುಪಿದ್ದು ಜಿದ್ದಾದಿಂದ ಬಹುದೂರದ ಚಿಕಾಗೋ ನಗರಕ್ಕೆ. 1981ರಲ್ಲಿ ತೆರೆದ ಆ ಹಜ್ ಟರ್ಮಿನಲ್‌ನ 210 ಗುಡಾರಗಳನ್ನು ನಿಲ್ಲಿಸಿದ ಇಂಜಿನಿಯರ್ ಫಜ್ಲುರ್ ರಹಮಾನ್ ಖಾನ್. ಗಾಳಿಗೆ ಬಗ್ಗದಂತೆ ಕಟ್ಟುವುದೇ ಅವರ ಇಡೀ ಜೀವನದ ಕೆಲಸವಾಗಿತ್ತು. ಆ ಕೆಲಸದ ಬಹುಪಾಲು ನಡೆದದ್ದು ಗುಡಾರಗಳಲ್ಲಲ್ಲ, ಉಕ್ಕಿನ ಗೋಪುರಗಳಲ್ಲಿ. 1970ರಿಂದ 1973ರವರೆಗೆ ಚಿಕಾಗೋ ಪೇಟೆಯ ನಡುವೆ ಒಂದು ಕಚೇರಿ ಕಟ್ಟಡ ಏಳುತ್ತಿತ್ತು. 110 ಅಂತಸ್ತು, 1,450 ಅಡಿ ಎತ್ತರದ ಸಿಯರ್ಸ್ ಟವರ್. ಅದರ ಎಲುಬಿನ ಲೆಕ್ಕ ಹಾಕಿದವರು ಇವರೇ. ಆ ಮೂರು ವರ್ಷಗಳನ್ನು ಕುರಿತೇ ನಾವಿಲ್ಲಿ ಹೇಳಹೊರಟಿರುವುದು. ಏಕೆಂದರೆ ಗೋಪುರ ಮೇಲೇಳುತ್ತಿದ್ದ ಅದೇ ವರ್ಷಗಳಲ್ಲಿ ಅದರ ಇಂಜಿನಿಯರನ ಊರು ಉರಿಯುತ್ತಿತ್ತು.

ಖಾನ್ ಹುಟ್ಟಿದ್ದು 1929ರ ಏಪ್ರಿಲ್ 3ರಂದು, ಢಾಕಾದಲ್ಲಿ. ತಂದೆ ಅಬ್ದುರ್ ರಹಮಾನ್ ಖಾನ್ ಗಣಿತದ ಮೇಷ್ಟರು, ಪಠ್ಯಪುಸ್ತಕ ಬರೆದವರು. ಮಗನಿಗೆ ಲೆಕ್ಕದ ರುಚಿ ಹತ್ತಿಸಿದವರು ಅವರೇ. ಹುಡುಗ ಕಲ್ಕತ್ತೆಯ ಬಳಿಯ ಶಿಬಪುರದ ಬೆಂಗಾಲ್ ಇಂಜಿನಿಯರಿಂಗ್ ಕಾಲೇಜು ಸೇರಿದ. ದೇಶ ಒಡೆದಾಗ ಆತ ಇನ್ನೂ ವಿದ್ಯಾರ್ಥಿ. 1950ರ ಗಲಭೆಗಳಲ್ಲಿ ಓದು ಅರ್ಧಕ್ಕೆ ನಿಂತು ಢಾಕಾಕ್ಕೆ ಮರಳಬೇಕಾಯಿತು. ಪದವಿ ಮುಗಿಸಿದ್ದು ಅಲ್ಲಿನ ಅಹ್ಸಾನುಲ್ಲಾ ಇಂಜಿನಿಯರಿಂಗ್ ಕಾಲೇಜಿನಲ್ಲಿ. 1952ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದವರು ಮೂರೇ ವರ್ಷದಲ್ಲಿ ಎರಡು ಸ್ನಾತಕೋತ್ತರ ಪದವಿ, ಒಂದು ಡಾಕ್ಟರೇಟ್ ಮುಗಿಸಿದರು. 1955ರಲ್ಲಿ ಚಿಕಾಗೋದ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್ ಎಂಬ ವಾಸ್ತುಶಿಲ್ಪ ಸಂಸ್ಥೆಯಲ್ಲಿ ಕೆಲಸ. ಆಮೇಲೆ ತಾಯ್ನಾಡಿಗೆ ದುಡಿಯಬೇಕೆಂದು 1957ರಲ್ಲಿ ಪಾಕಿಸ್ತಾನಕ್ಕೆ ಹಿಂತಿರುಗಿ ಕರಾಚಿ ಅಭಿವೃದ್ಧಿ ಪ್ರಾಧಿಕಾರ ಸೇರಿದರು. ಅಲ್ಲಿ ಕಡತ ಹೆಚ್ಚು, ಕಟ್ಟುವ ಕೆಲಸ ಕಡಿಮೆ. 1960ರಲ್ಲಿ ಮತ್ತೆ ಚಿಕಾಗೋಕ್ಕೆ ಹೊರಟರು. ಪ್ರತಿಭೆ ಇದ್ದವರು ಊರು ಬಿಟ್ಟು ಹೋಗುತ್ತಾರೆ ಎಂದು ಗೊಣಗುವ ನಾವು ಆ ಮೂರು ವರ್ಷಗಳ ಕರಾಚಿಯನ್ನೂ ನೆನೆಯುವುದು ಒಳ್ಳೆಯದು.

ಈಗ ಸ್ವಲ್ಪ ಗಾಳಿಯ ವಿಷಯ. ಹತ್ತು ಅಂತಸ್ತಿನ ಕಟ್ಟಡಕ್ಕೆ ಅದರ ತೂಕವೇ ಮುಖ್ಯ ಚಿಂತೆ. ನೂರು ಅಂತಸ್ತಿಗೆ ಹೋದಾಗ ತೂಕಕ್ಕಿಂತ ಗಾಳಿ ದೊಡ್ಡ ಶತ್ರುವಾಗುತ್ತದೆ. ಹಳೆಯ ಕ್ರಮದಲ್ಲಿ ಕಟ್ಟಡದ ಒಳಗೆಲ್ಲ ಕಂಬ, ತೊಲೆಗಳ ಜಾಲ ಹೆಣೆದು ಗಾಳಿಯನ್ನು ತಡೆಯುತ್ತಿದ್ದರು. ಎತ್ತರ ಹೆಚ್ಚಿದಂತೆಲ್ಲ ಆ ಜಾಲಕ್ಕೆ ಬೇಕಾದ ಉಕ್ಕು ಮಿತಿಮೀರಿ ಏರುತ್ತಿತ್ತು. ಇದು ಎತ್ತರಕ್ಕೆ ತೆರಬೇಕಾದ ಸುಂಕ. ಖಾನ್ ಅದನ್ನು ಇಳಿಸಲು ಹೊರಟರು. ನಮ್ಮ ಹಿತ್ತಲಿನ ಬಿದಿರನ್ನು ನೋಡಿ. ಒಳಗೆ ಪೊಳ್ಳು, ಶಕ್ತಿಯೆಲ್ಲ ಹೊರ ಸಿಪ್ಪೆಯಲ್ಲಿ. ಎಂಥ ಗಾಳಿಗೂ ಬಾಗಿ ಮತ್ತೆ ಎದ್ದು ನಿಲ್ಲುತ್ತದೆ. ಕಂಬಗಳನ್ನೆಲ್ಲ ಹೊರಗೋಡೆಗೆ ತಂದು ಹತ್ತಿರ ಹತ್ತಿರ ನಿಲ್ಲಿಸಿ, ಗಟ್ಟಿ ತೊಲೆಗಳಿಂದ ಬಿಗಿದರೆ ಇಡೀ ಕಟ್ಟಡವೇ ಬಿದಿರಿನಂತೆ ಒಂದು ಕೊಳವೆಯಾಗುತ್ತದೆ. 1960ರ ದಶಕದಲ್ಲಿ ಚಿಕಾಗೋದಲ್ಲೇ 43 ಅಂತಸ್ತಿನ ವಸತಿ ಕಟ್ಟಡವೊಂದರಲ್ಲಿ ಅವರು ಇದನ್ನು ಮಾಡಿ ತೋರಿಸಿದರು.

ಆಮೇಲೆ ನೂರು ಅಂತಸ್ತಿನ ಜಾನ್ ಹ್ಯಾನ್‌ಕಾಕ್ ಸೆಂಟರ್. ಹೊರಮೈ ಮೇಲೆ ದೊಡ್ಡ ದೊಡ್ಡ ಗುಣಾಕಾರ ಚಿಹ್ನೆ ಹಾಕಿದಂತೆ ಕಾಣುವ ಕಪ್ಪು ಕಟ್ಟಡ ಅದು. ಅಷ್ಟು ಎತ್ತರದಲ್ಲಿ ಕಟ್ಟಡ ತುಸು ತೂಗಾಡಿದರೆ ಒಳಗಿರುವ ಮನುಷ್ಯನಿಗೆ ತಲೆ ಸುತ್ತುವುದಿಲ್ಲವೇ? ಖಾನ್ ಅದನ್ನೂ ಬಿಡಲಿಲ್ಲ. ಚಿಕಾಗೋದ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಬಟ್ಟೆ ಒಗೆಯುವ ಯಂತ್ರದ ಪ್ರದರ್ಶನಕ್ಕೆಂದು ಇದ್ದ ತಿರುಗುವ ವೇದಿಕೆಯ ಮೇಲೆ ಜನರನ್ನು ಕೂರಿಸಿ, ನಿಲ್ಲಿಸಿ, ಎಷ್ಟು ಅಲುಗಿದರೆ ಗೊತ್ತಾಗುತ್ತದೆಂದು ಪರೀಕ್ಷೆ ಮಾಡಿದರು. ಲೆಕ್ಕದ ಮೇಷ್ಟರ ಮಗ ಲೆಕ್ಕವನ್ನಷ್ಟೇ ನಂಬಿ ಕೂರಲಿಲ್ಲ ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ಇನ್ನು ಸಿಯರ್ಸ್ ಕಂಪೆನಿ. ಟಪಾಲಿನ ಮೂಲಕ ಜೇಬುಗಡಿಯಾರ ಮಾರುವುದರಿಂದ ಆರಂಭವಾದ ವ್ಯಾಪಾರ ಅದು. ಅದರ ದಪ್ಪ ಕ್ಯಾಟಲಾಗ್ ಅಮೆರಿಕದ ಹಳ್ಳಿ ಹಳ್ಳಿಯ ಮನೆಯಲ್ಲಿತ್ತು. ಒಂದು ಕಾಲದಲ್ಲಿ ಬಿಡಿಭಾಗಗಳ ರೂಪದಲ್ಲಿ ಇಡೀ ಮನೆಯನ್ನೇ ರೈಲಿನಲ್ಲಿ ಕಳಿಸುತ್ತಿದ್ದರು. 1969ರ ಹೊತ್ತಿಗೆ ಲೋಕದ ಅತಿದೊಡ್ಡ ಚಿಲ್ಲರೆ ವ್ಯಾಪಾರಿ, ಸುಮಾರು ಮೂರೂವರೆ ಲಕ್ಷ ನೌಕರರು. ಚಿಕಾಗೋದಲ್ಲಿ ಚದುರಿಹೋಗಿದ್ದ ಕಚೇರಿಗಳನ್ನು ಒಂದೇ ಸೂರಿನಡಿ ತರಬೇಕೆಂದು ಆಡಳಿತ ಮಂಡಳಿ ನಿರ್ಧರಿಸಿತು. ಈಗ ಬೇಕಾದಷ್ಟೇ ಅಲ್ಲ, ಮುಂದೆ ಬೆಳೆಯುವುದಕ್ಕೂ ಸೇರಿಸಿ ಜಾಗ ಕೇಳಿತು. ಕಟ್ಟಡ ಅಷ್ಟು ಎತ್ತರವಾದದ್ದು ಹೀಗೆ.

ಇಲ್ಲಿ ಗೋಪುರದ ಕಥೆಗಳು ಸಾಮಾನ್ಯವಾಗಿ ಹೇಳದ ಒಂದು ಮಾತಿದೆ. ಸಿಯರ್ಸ್‌ನ ಮುಖ್ಯ ಕಚೇರಿ 1900ರ ದಶಕದಿಂದಲೂ ಇದ್ದದ್ದು ಪೇಟೆಯಲ್ಲಲ್ಲ, ನಗರದ ಪಶ್ಚಿಮಕ್ಕಿರುವ ನಾರ್ತ್ ಲಾನ್‌ಡೇಲ್ ಎಂಬ ಬಡಾವಣೆಯಲ್ಲಿ. 1960ರ ಹೊತ್ತಿಗೆ ಅದು ಕಪ್ಪು ಜನರ ಬಡಾವಣೆಯಾಗಿತ್ತು. ಬಡವರ ವಸತಿಯ ದುಸ್ಥಿತಿಯನ್ನು ಲೋಕಕ್ಕೆ ತೋರಿಸಲು ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಹೆಂಡತಿ ಮಕ್ಕಳೊಂದಿಗೆ ಬಂದು ಬಾಡಿಗೆಗಿದ್ದದ್ದು ಈ ಬಡಾವಣೆಯಲ್ಲೇ. 1968ರಲ್ಲಿ ಅವರ ಕೊಲೆಯಾದಾಗ ಇಲ್ಲಿನ ಬೀದಿಗಳು ಹೊತ್ತಿ ಉರಿದವು. ಮುಂದಿನ ವರ್ಷ ಸಿಯರ್ಸ್ ಪೇಟೆಯ ಕಡೆ ಮುಖ ಮಾಡಿತು. ಹೊಸ ಗೋಪುರಕ್ಕೆ ಸೇರಿದ ಪ್ರತಿಯೊಂದು ಮೇಜೂ ಎಲ್ಲಿಂದಲೋ ಎದ್ದು ಬಂದದ್ದಲ್ಲವೇ? ಲಾನ್‌ಡೇಲ್‌ನಲ್ಲಿ ಉಳಿದಿದ್ದ ಕ್ಯಾಟಲಾಗ್ ಗೋದಾಮು ಕೂಡ 1987ರಲ್ಲಿ ಮುಚ್ಚಿತು. ನಮ್ಮ ನಗರಗಳಲ್ಲೂ ದೊಡ್ಡ ಕಟ್ಟಡ ಎದ್ದಾಗ ಅದು ಎಷ್ಟು ಎತ್ತರವೆಂದು ಎಲ್ಲರೂ ಕೇಳುತ್ತಾರೆ. ಯಾವ ಓಣಿಯ ಟೀ ಅಂಗಡಿ ಮುಚ್ಚಿತೆಂದು ಯಾರೂ ಕೇಳುವುದಿಲ್ಲ.

ಪೇಟೆಯಲ್ಲಿ ಆರಿಸಿದ ಜಾಗದಲ್ಲಿ 15 ಹಳೆಯ ಕಟ್ಟಡಗಳಿದ್ದವು, ಅವುಗಳಿಗೆ ನೂರರಷ್ಟು ಮಾಲೀಕರು. ಅವರನ್ನೆಲ್ಲ ಒಬ್ಬೊಬ್ಬರಾಗಿ ಒಪ್ಪಿಸಿ ಕೊಂಡದ್ದಾಯಿತು. ನಡುವೆ ಕ್ವಿನ್ಸಿ ಎಂಬ ಸಾರ್ವಜನಿಕ ರಸ್ತೆಯೊಂದು ಹಾದುಹೋಗುತ್ತಿತ್ತು. ನಗರಾಡಳಿತ ಆ ರಸ್ತೆಯ ತುಂಡನ್ನೂ 27 ಲಕ್ಷ ಡಾಲರಿಗೆ ಕಂಪೆನಿಗೆ ಮಾರಿತು. ರಸ್ತೆಯನ್ನೇ ಕೊಳ್ಳಬಹುದೆಂದು ಓದಿದಾಗ ನಮಗೆ ನಗು ಬಂತು, ಆಮೇಲೆ ಬರಲಿಲ್ಲ. ಇನ್ನೊಂದು ಜಗಳ ಇದಕ್ಕಿಂತ ತಮಾಷೆಯದು. ಗೋಪುರ ಎದ್ದರೆ ಟೆಲಿವಿಷನ್ ಚಿತ್ರ ಕೆಡುತ್ತದೆಂದು ಸುತ್ತಲಿನ ಊರಿನವರು ಕೋರ್ಟಿಗೆ ಹೋದರು. 1972ರಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟು ಕಂಪೆನಿಯ ಪರವಾಗಿಯೇ ತೀರ್ಪು ಕೊಟ್ಟಿತು. ಕೊನೆಗೆ ಎತ್ತರಕ್ಕೆ ಮಿತಿ ಹಾಕಿದ್ದು ಕೋರ್ಟಲ್ಲ, ವಿಮಾನ ಸಂಚಾರದ ಇಲಾಖೆ.

ವಿನ್ಯಾಸದ ಬಗ್ಗೆ ಒಂದು ಕಥೆ ಪ್ರಸಿದ್ಧವಾಗಿದೆ. ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ ಮತ್ತು ಖಾನ್ ಊಟಕ್ಕೆ ಕೂತಿದ್ದಾಗ ಗ್ರಹಾಂ ಒಂದು ಹಿಡಿ ಸಿಗರೇಟು ಹಿಡಿದು, ಕೆಲವನ್ನು ಮೇಲಕ್ಕೆ ತಳ್ಳಿ, ಹೀಗೆ ಕಟ್ಟಬಹುದೇ ಎಂದು ಕೇಳಿದರಂತೆ. ಖಾನ್ ತಲೆಯಲ್ಲಿ ಉತ್ತರ ಸಿದ್ಧವಿತ್ತು. ತುಂಬ ಅಗಲದ ಒಂದೇ ಕೊಳವೆ ಕಟ್ಟಿದರೆ ಮೂಲೆಯ ಕಂಬಗಳಿಗೆ ಭಾರ ಹೆಚ್ಚಾಗಿ, ನಡುವಿನ ಕಂಬಗಳು ಸೋಮಾರಿಗಳಾಗುತ್ತವೆ. ಸೋಡಾ ಬಾಟಲಿ ಇಡುವ ಕ್ರೇಟನ್ನು ನೆನಪಿಸಿಕೊಳ್ಳಿ. ಬರೀ ಖಾಲಿ ಪೆಟ್ಟಿಗೆಯನ್ನು ಬದಿಯಿಂದ ಒತ್ತಿದರೆ ಓರೆಯಾಗುತ್ತದೆ, ಒಳಗೆ ಅಡ್ಡತಡೆಗಳಿರುವ ಕ್ರೇಟು ಜಗ್ಗುವುದಿಲ್ಲ. ಹಾಗೆಯೇ 75 ಅಡಿ ಚೌಕದ ಒಂಬತ್ತು ಕೊಳವೆಗಳನ್ನು ಮೂರು ಸಾಲಾಗಿ ಒಟ್ಟಿಗೆ ಕಟ್ಟಿದರು. ಬುಡದಲ್ಲಿ 225 ಅಡಿ ಚೌಕ. ಎರಡು ಕೊಳವೆ 50ನೇ ಅಂತಸ್ತಿಗೆ ನಿಂತವು, ಎರಡು 66ಕ್ಕೆ, ಮೂರು 90ಕ್ಕೆ, ಕೊನೆಯ ಎರಡು ಮಾತ್ರ ತುದಿಯವರೆಗೆ. ದೂರದಿಂದ ನೋಡಿದರೆ ಗೋಪುರ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದರಿಂದಲೇ. ಚದರ ಅಡಿಗೆ ತಗುಲಿದ ಉಕ್ಕು ಸುಮಾರು 33 ಪೌಂಡ್. 1931ರ ಎಂಪೈರ್ ಸ್ಟೇಟ್ ಕಟ್ಟಡ ಇದಕ್ಕಿಂತ ಕುಳ್ಳಗಿದ್ದೂ 40 ಪೌಂಡಿಗೂ ಮಿಕ್ಕಿ ಉಕ್ಕು ತಿಂದಿತ್ತು.

1970ರ ಆಗಸ್ಟ್‌ನಲ್ಲಿ ನೆಲ ಅಗೆಯುವ ಕೆಲಸ ಶುರುವಾಯಿತು. ಜೇಡಿಮಣ್ಣು ತೋಡಿ, ಕೆಳಗಿನ ಬಂಡೆಯವರೆಗೆ ಕೊರೆದು 114 ಕಾಂಕ್ರೀಟ್ ಕಂಬಗಳನ್ನು ಇಳಿಸಿದರು. ಉಕ್ಕಿನ ಕೆಲಸವನ್ನೂ ಖಾನ್ ತಂಡ ಜಾಣತನದಿಂದ ಯೋಜಿಸಿತ್ತು. ಚಿಕಾಗೋದ ಚಳಿಗಾಳಿಯಲ್ಲಿ ಸಾವಿರ ಅಡಿ ಮೇಲೆ ನಿಂತು ವೆಲ್ಡಿಂಗ್ ಮಾಡುವುದು ಪ್ರಾಣದ ಮಾತು. ಆದ್ದರಿಂದ ಎರಡು ಅಂತಸ್ತು ಎತ್ತರದ ಕಂಬ, ಅದರ ಎರಡೂ ಬದಿಗೆ ಕೊಂಬೆಯಂತೆ ಅರ್ಧರ್ಧ ತೊಲೆ ಇರುವ ಉಕ್ಕಿನ 'ಮರ'ಗಳನ್ನು ಕಾರ್ಖಾನೆಯಲ್ಲೇ ಬೆಸೆದು ತರುತ್ತಿದ್ದರು. ಕಟ್ಟಡದ ಜೊತೆಗೇ ಮೇಲೇರುವ ಕ್ರೇನುಗಳು ಅವನ್ನು ಎತ್ತಿ ಕೂರಿಸುತ್ತಿದ್ದವು. ಮೇಲೆ ನಿಂತವರಿಗೆ ಉಳಿದದ್ದು ಹೆಚ್ಚಾಗಿ ಬೋಲ್ಟು ಬಿಗಿಯುವ ಕೆಲಸ. ಒಟ್ಟು 76,000 ಟನ್ ಉಕ್ಕು ಹೀಗೆ ಮೇಲೇರಿತು. ಇಷ್ಟು ಎಚ್ಚರವಿದ್ದರೂ ಈ ಗೋಪುರವೂ ಕೆಲವು ಕೂಲಿಯವರ ಪ್ರಾಣ ತೆಗೆದುಕೊಂಡಿತು.

ಈಗ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅಡಿಪಾಯ ತೋಡುತ್ತಿದ್ದ 1970ರ ನವೆಂಬರ್‌ನಲ್ಲಿ ಪೂರ್ವ ಪಾಕಿಸ್ತಾನದ ಕರಾವಳಿಗೆ ಚಂಡಮಾರುತ ಅಪ್ಪಳಿಸಿ ಲಕ್ಷಾಂತರ ಜನ ಸತ್ತರು. ಇಸ್ಲಾಮಾಬಾದಿನ ಸರಕಾರ ಸತ್ತವರ ಕಡೆ ಸರಿಯಾಗಿ ತಿರುಗಿಯೂ ನೋಡಲಿಲ್ಲವೆಂಬ ಸಿಟ್ಟು ಬಂಗಾಳಿಗಳಲ್ಲಿ ಹೆಪ್ಪುಗಟ್ಟಿತು. ಮುಂದಿನ ತಿಂಗಳ ಚುನಾವಣೆಯಲ್ಲಿ ಶೇಖ್ ಮುಜೀಬರ ಪಕ್ಷ ಗೆದ್ದಿತು. ಗೆದ್ದವರಿಗೆ ಅಧಿಕಾರ ಸಿಗಲಿಲ್ಲ. 1971ರ ಮಾರ್ಚ್ 25ರ ರಾತ್ರಿ ಸೇನೆ ಢಾಕಾದ ಮೇಲೆ ಬಿತ್ತು. ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಕೊಂದರು. ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಓಡಿಬಂದರು. ಆ ದಶಕಗಳಲ್ಲಿ ನೆಲೆ ಕಳೆದುಕೊಂಡ ಪೂರ್ವ ಬಂಗಾಳದವರ ಮಕ್ಕಳು, ಮೊಮ್ಮಕ್ಕಳು ನಮ್ಮ ಸಿಂಧನೂರಿನ ಕ್ಯಾಂಪುಗಳಲ್ಲಿ ಇಂದಿಗೂ ಇದ್ದಾರೆ. ಅತ್ತ ಚಿಕಾಗೋದಲ್ಲಿ ಅದೇ 1971ರಲ್ಲಿ ಗೋಪುರದ ಮೊದಲ ಉಕ್ಕಿನ ಕಂಬಗಳು ನಿಂತವು.

ಖಾನ್ 1967ರಲ್ಲೇ ಅಮೆರಿಕದ ಪೌರತ್ವ ಪಡೆದಿದ್ದರು. ಕೈತುಂಬ ಕೆಲಸ, ಮನೆ, ಹೆಸರು ಎಲ್ಲ ಇತ್ತು. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಸುಮ್ಮನಿರಲಿಲ್ಲ. ಚಿಕಾಗೋದ ಬಂಗಾಳಿಗಳನ್ನು ಸೇರಿಸಿ 'ಬಾಂಗ್ಲಾದೇಶ್ ಎಮರ್ಜೆನ್ಸಿ ವೆಲ್‌ಫೇರ್ ಅಪೀಲ್' ಎಂಬ ಸಂಸ್ಥೆ ಕಟ್ಟಿ ನಿರಾಶ್ರಿತರಿಗಾಗಿ ಹಣ ಕೂಡಿಸಿದರು. ಇನ್ನೊಂದು ಸಂಘಟನೆಯ ಮೂಲಕ ಅಮೆರಿಕದ ಜನಪ್ರತಿನಿಧಿಗಳ ಮುಂದೆ ಬಾಂಗ್ಲಾದೇಶದ ವಾದ ಮಂಡಿಸಿದರು. ಆಗ ನಿಕ್ಸನ್, ಕಿಸಿಂಜರ್ ಇಬ್ಬರೂ ಯಾಹ್ಯಾ ಖಾನರ ಬೆನ್ನಿಗೆ ನಿಂತಿದ್ದವರು. ಢಾಕಾದಲ್ಲಿದ್ದ ಅಮೆರಿಕದ ರಾಜತಾಂತ್ರಿಕ ಆರ್ಚರ್ ಬ್ಲಡ್ ಏಪ್ರಿಲ್‌ನಲ್ಲಿ ತನ್ನದೇ ಸರಕಾರದ ಮೌನವನ್ನು ಖಂಡಿಸಿ ತಂತಿ ಕಳಿಸಿ ಹುದ್ದೆ ಕಳೆದುಕೊಂಡರು. ಅಂಥ ಹೊತ್ತಿನಲ್ಲಿ, ಆ ದೇಶದ ಅತಿ ಎತ್ತರದ ಕಟ್ಟಡ ನಿಲ್ಲಿಸುತ್ತಿದ್ದ ಮನುಷ್ಯ ಆ ದೇಶದ ನೀತಿಯ ವಿರುದ್ಧವೇ ಓಡಾಡುತ್ತಿದ್ದ.

ಇಲ್ಲಿ ನಾವು ನಮ್ಮ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ನಾವು ಉರ್ದು ಶಾಲೆಯಲ್ಲಿ ಅಲಿಫ್, ಬೇ ಕಲಿತವರು, ಕನ್ನಡದಲ್ಲಿ ಕಥೆ ಬರೆಯುವವರು. ನಮಗೆ ಉರ್ದು ಅಂದರೆ ಅಮ್ಮಿಯ ಮಾತು, ಅಜ್ಜನ ಷೇರುಗಳು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಗೆ ಸ್ಥಾನ ಕೇಳಿದ ಹುಡುಗರ ಮೇಲೆ ಗುಂಡು ಹಾರಿಸಿದ್ದು ಇದೇ ಉರ್ದುವಿನ ಹೆಸರಿನಲ್ಲಿ ಎಂಬುದನ್ನು ಬಹಳ ತಡವಾಗಿ ತಿಳಿದೆವು. ಖಾನ್ ಅಮೆರಿಕಕ್ಕೆ ಹೊರಟದ್ದು ಅದೇ ವರ್ಷ. ಅವರು ಟ್ಯಾಗೋರರ ಹಾಡುಗಳನ್ನು ಪ್ರೀತಿಯಿಂದ ಹಾಡುತ್ತಿದ್ದವರು. ಧರ್ಮ ಒಂದಾದರೆ ಭಾಷೆಯೂ ಒಂದಾಗಬೇಕೆಂದು ಹಟ ಹಿಡಿದವರು ಒಂದು ದೇಶವನ್ನೇ ಒಡೆದರು. ಉರ್ದುವಿಗೂ ಅದರಿಂದ ಒಳ್ಳೆಯ ಹೆಸರೇನೂ ಬರಲಿಲ್ಲ. ನಮ್ಮ ಕೆಲವು ಹಿರಿಯರಿಗೆ 1971ರ ಮಾತೆತ್ತಿದರೆ ಈಗಲೂ ಇರುಸುಮುರುಸು. ಕೊಂದವರೂ ಸತ್ತವರಲ್ಲಿ ಬಹಳ ಮಂದಿಯೂ ಕಲಿಮಾ ಓದುವವರೇ ಆಗಿದ್ದರೆಂಬುದೇ ಆ ಇರುಸುಮುರುಸಿಗೆ ಕಾರಣ.

1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು. ಗೋಪುರ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. 1972ರಲ್ಲಿ ಅಮೆರಿಕದ ಪ್ರಮುಖ ನಿರ್ಮಾಣ ಪತ್ರಿಕೆ ಖಾನರನ್ನು ವರ್ಷದ ವ್ಯಕ್ತಿಯೆಂದು ಆರಿಸಿತು. 1973ರ ಮೇ 3ರಂದು ಕೊನೆಯ ತೊಲೆ ಮೇಲೇರಿತು. ಬಿಳಿ ಬಣ್ಣ ಬಳಿದ ಆ ತೊಲೆಯ ಮೇಲೆ ಕಟ್ಟಿದ ಕೂಲಿಯವರು, ಸಿಯರ್ಸ್ ನೌಕರರು, ಊರಿನ ಜನ ಎಲ್ಲ ಸೇರಿ ಸುಮಾರು 12,000 ಮಂದಿ ಸಹಿ ಹಾಕಿದ್ದರು. ನ್ಯೂಯಾರ್ಕಿನ 1,368 ಅಡಿಯ ವರ್ಲ್ಡ್ ಟ್ರೇಡ್ ಸೆಂಟರನ್ನು ಹಿಂದಿಕ್ಕಿ ಇದು ಲೋಕದ ಅತಿ ಎತ್ತರದ ಕಟ್ಟಡವಾಯಿತು. 1998ರವರೆಗೆ, ಅಂದರೆ ಕೌಲಾಲಂಪುರದ ಪೆಟ್ರೋನಾಸ್ ಗೋಪುರಗಳು ಬರುವವರೆಗೆ, ಆ ಪಟ್ಟ ಉಳಿಯಿತು.

ಕಂಪೆನಿಯ ಲೆಕ್ಕ ಮಾತ್ರ ತಪ್ಪಿತು. ತುಂಬುತ್ತೇವೆಂದು ಕಟ್ಟಿದ ಅಂತಸ್ತುಗಳು ತುಂಬಲಿಲ್ಲ. ವರ್ಷಗಟ್ಟಲೆ ಖಾಲಿ ಬಿದ್ದವು. ಅಗ್ಗದ ಮಾರಾಟದ ಹೊಸ ಅಂಗಡಿಗಳು ಸಿಯರ್ಸ್ ವ್ಯಾಪಾರವನ್ನು ಕಚ್ಚತೊಡಗಿದವು. 1990ರ ದಶಕದಲ್ಲಿ ಕಂಪೆನಿಯೇ ಗೋಪುರ ಬಿಟ್ಟು ಊರ ಹೊರಗೆ ಹೋಯಿತು, 2018ರಲ್ಲಿ ದಿವಾಳಿ ಅರ್ಜಿ ಹಾಕಿತು. 2009ರಿಂದ ಕಟ್ಟಡದ ಹೆಸರು ವಿಲ್ಲಿಸ್ ಟವರ್. ಚಿಕಾಗೋ ಜನ ಹಳೆಯ ಹೆಸರನ್ನು ಬಿಡಲು ಒಪ್ಪಿಲ್ಲ, ಅದು ಬೇರೆ ವಿಷಯ.

2001ರ ಸೆಪ್ಟೆಂಬರ್ ನಂತರ ಮುಸ್ಲಿಂ ಹೆಸರು ಮತ್ತು ಎತ್ತರದ ಕಟ್ಟಡ ಎಂಬ ಎರಡು ಮಾತು ಒಟ್ಟಿಗೆ ಬಂದರೆ ಜನರ ಕಣ್ಣಿಗೆ ಒಂದೇ ಚಿತ್ರ ಕಟ್ಟುತ್ತಿತ್ತು. ಬಸ್ಸಿನಲ್ಲಿ, ಕಚೇರಿಯಲ್ಲಿ ಆ ನೋಟವನ್ನು ನಾವೂ ಉಂಡವರೇ. ಆ ವರ್ಷಗಳಲ್ಲಿ ನಮಗೆ ಈ ಢಾಕಾದ ಇಂಜಿನಿಯರನ ಹೆಸರು ಗೊತ್ತಿರಲಿಲ್ಲ. 2009ರ ಜೂನ್‌ನಲ್ಲಿ ಬರಾಕ್ ಒಬಾಮ ಕೈರೋದಲ್ಲಿ ಮಾತಾಡುತ್ತ, ನಮ್ಮ ದೇಶದ ಅತಿ ಎತ್ತರದ ಕಟ್ಟಡವನ್ನು ಕಟ್ಟಿದವರು ಮುಸ್ಲಿಮರು ಎಂಬರ್ಥದ ಮಾತು ಹೇಳಿದರು. ಹೆಸರು ಹೇಳಲಿಲ್ಲ. ಯಾರಿರಬಹುದೆಂದು ಹುಡುಕಿದ ಎಷ್ಟೋ ಜನರಿಗೆ ಸಿಕ್ಕಿದ್ದು ಈ ಹೆಸರು. ಆದರೆ ಅವರನ್ನು ಬರೀ 'ನಮ್ಮವರು' ಎಂದು ಎದೆಗೊತ್ತಿಕೊಳ್ಳುವುದಕ್ಕೂ ನಮಗೆ ಮನಸ್ಸಾಗುವುದಿಲ್ಲ. ಬಂಗಾಳಿಗಳಿಗೆ ಅವರು ಬಂಗಾಳಿ. ಬಾಂಗ್ಲಾದೇಶ 1999ರಲ್ಲಿ ಅವರಿಗೆ ಮರಣೋತ್ತರವಾಗಿ ಸ್ವಾತಂತ್ರ್ಯ ಪ್ರಶಸ್ತಿ ಕೊಟ್ಟಿತು. ಚಿಕಾಗೋದವರಿಗೆ ಅವರು ಚಿಕಾಗೋದವರು. ಗೋಪುರದ ಬುಡದಲ್ಲಿರುವ ಚೌಕಕ್ಕೆ 1998ರಲ್ಲೇ ಅವರ ಹೆಸರಿಟ್ಟಿದ್ದಾರೆ.

ಗೋಪುರ ಮುಗಿದ ಮೇಲೆ ಖಾನ್ ಜಿದ್ದಾದ ಕೆಲಸ ಹಿಡಿದರು. ಗೋಪುರದಲ್ಲಿ ಉಕ್ಕನ್ನು ನೆಟ್ಟಗೆ ನಿಲ್ಲಿಸಿದ್ದವರು ಇಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿದರು. ಉಕ್ಕಿನ ಎತ್ತರದ ಕಂಬಗಳು, ಅವುಗಳಿಂದ ಇಳಿದ ತಂತಿಹಗ್ಗಗಳು, ಹಗ್ಗಗಳ ಬಿಗಿತದಲ್ಲಿ ನಿಂತ 45 ಮೀಟರ್ ಚೌಕದ ಒಂದೊಂದು ಗುಡಾರ. ಗಾಜಿನ ನೂಲಿನಿಂದ ನೇಯ್ದು ಟೆಫ್ಲಾನ್ ಲೇಪಿಸಿದ ಬಟ್ಟೆ ಅದು. ಬಿಸಿ ಗಾಳಿ ಮೇಲಿನ ತೂತಿನಿಂದ ಹೊರಗೆ ಹೋಗುತ್ತದೆ, ಬದಿಗಳು ತೆರೆದಿರುತ್ತವೆ. 1983ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ. 1982ರ ಮಾರ್ಚ್ 27ರಂದು ಅದೇ ಜಿದ್ದಾದಲ್ಲಿ ಹೃದಯಾಘಾತವಾಗಿ ತೀರಿಕೊಂಡಿದ್ದರು. ಆಗ ಅವರಿಗೆ 53 ತುಂಬಲು ಒಂದು ವಾರ ಬಾಕಿ. ದಫನ್ ಆದದ್ದು ಚಿಕಾಗೋದ ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿ.

ಇದಿಷ್ಟನ್ನೂ ನಾವು ಶಾಮಿಯಾನದ ಹಾಜಿ ಸಾಹೇಬರಿಗೆ ಹೇಳಿದೆವು. ಗೋಪುರದ ಎತ್ತರ, ಟನ್ನುಗಟ್ಟಲೆ ಉಕ್ಕು ಯಾವುದೂ ಅವರಿಗೆ ಅಷ್ಟಾಗಿ ತಟ್ಟಲಿಲ್ಲ. ಹಗ್ಗದ ಬಿಗಿತದ ಮಾತಿಗೆ ಮಾತ್ರ ತಲೆಯಾಡಿಸಿದರು. "ಉನೊ ಬಂಗಾಲಿ ಥೇ ಕ್ಯಾ?" ಎಂದು ಎರಡು ಸಲ ಕೇಳಿದರು. ಹೌದೆಂದೆವು. ಜಿದ್ದಾದಲ್ಲಿ ಅವರ ಪಕ್ಕದ ಗುಡಾರದಡಿ ಕೂತಿದ್ದವರು ಬಾಂಗ್ಲಾದೇಶದ ಹಾಜಿಗಳಂತೆ. ಅವರ ಮಾತು ಇವರಿಗೆ ತಿಳಿಯದು, ಇವರದು ಅವರಿಗೆ ತಿಳಿಯದು. ಮುದುಕನೊಬ್ಬ ಚೀಲ ಬಿಚ್ಚಿ ಚುರುಮುರಿ ತೆಗೆದು ಇವರ ಅಂಗೈಗೆ ಸುರಿದನಂತೆ, ಇವರು ಮನೆಯಿಂದ ಒಯ್ದಿದ್ದ ಕೋಡುಬಳೆ ಕೊಟ್ಟರಂತೆ. ಬಸ್ಸು ಬರುವವರೆಗೆ ಅಲ್ಲೇ ಕೂತಿದ್ದರಂತೆ.